ಮಲೆನಾಡಿನ ಹಸೆಚಿತ್ತಾರ: ಅದರ ಅರ್ಥವೂ ಮೂಲವೂ

ಜಪಾನು ದೇಶದಲ್ಲಿ ಹಸುಳೆಗಳಿಗೆ ತೊಡಿಸುವ ಅಂಗಿಯ ಮೇಲೆ ಒಂದು ಬಗೆಯ ರೇಖಾಚಿತ್ರವನ್ನು ಹಾಕುವ ವಾಡಿಕೆ ಹಿಂದಿನಿಂದಲೂ ಉಂಟು. ಆರು ಮೂಲೆಗಳ ಒಂದು ಆಕೃತಿ. ಅದರ ನಡುವಿನ ಬಿಂದುವಿನಿಂದ ಹೊರಟ ಗೆರೆಗಳು ಮೂಲೆಗಳನ್ನು ಮುಟ್ಟಿ, ಒಳಗೆ ಆರೆಸಳಿನ ನಕ್ಷತ್ರವೊಂದನ್ನು ಮೂಡಿಸುತ್ತವೆ. ಇಂಥ ಆಕೃತಿಗಳು ಒಂದರ ಮಗ್ಗುಲಿಗೊಂದು ಕೂಡಿಕೊಂಡು, ಒಂದರ ಅಂಚೇ ಮತ್ತೊಂದರ ಅಂಚಾಗಿ ಬಟ್ಟೆಯ ತುಂಬ ಹಬ್ಬುತ್ತವೆ. ಇದನ್ನು ಆ ದೇಶದವರು ಅಸನೊಹ ಎನ್ನುತ್ತಾರೆ. ಹಾಗೆಂದರೆ ಭಂಗಿಯ ಗಿಡದ ಎಲೆ. ಆ ಗಿಡ ನಮ್ಮ ನಾಡಿನಲ್ಲಿ ಬೇರೊಂದು ಕಾರಣಕ್ಕಾಗಿ ಹೆಸರಾದದ್ದು. ಅಲ್ಲಿಯಾದರೋ ಅದನ್ನು ನಾರಿಗಾಗಿ ಬೆಳೆಯುತ್ತ ಬಂದರು. ಅದು ಬಲುಬೇಗ ಬೆಳೆಯತಕ್ಕದ್ದು, ಅತ್ತಿತ್ತ ಬಾಗದೆ ನೆಟ್ಟಗೆ ಬೆಳೆಯತಕ್ಕದ್ದು. ಮಗುವೂ ಹಾಗೆಯೇ ಬೆಳೆಯಲಿ ಎಂಬುದು ತಾಯ್ತಂದೆಗಳ ಹಾರೈಕೆ.

ಇಷ್ಟನ್ನು ಕೇಳಿದವರು ಆ ಚಿತ್ರದ ಅರ್ಥವೂ ಮೂಲವೂ ಒಟ್ಟಿಗೇ ತಿಳಿದುವೆಂದು ಸಂತೋಷಪಡಬಹುದು. ಆದರೆ ವಿಷಯ ಅಷ್ಟು ಸುಲಭವಾಗಿಲ್ಲ. ಇದೇ ಆಕೃತಿಯನ್ನು ಜಪಾನಿನ ಹಳೆಯ ಬೌದ್ಧ ವಿಗ್ರಹಗಳ ಉಡುಪಿನ ಮೇಲೆ, ಚಿನ್ನದ ತಗಡನ್ನು ಕೂದಲೆಳೆಯಂತೆ ಸೀಳಿ ಅಂಟಿಸಿ ಮಾಡಿದ ಕೆಲಸದಲ್ಲಿ ಕಾಣಬಹುದು. ಅದು ಮಕ್ಕಳ ಅಂಗಿಯ ಮೇಲೆ ಬಂದು ಮನೆಮಾತಾದುದಕ್ಕಿಂತ ಎಷ್ಟೋ ಹಿಂದಿನ ಮಾತು. ಅಲ್ಲಿ ಅದನ್ನು ಇಟ್ಟ ಕುಶಲಿಯ ಮನಸ್ಸಿನಲ್ಲಿ ಗಿಡದ ಯೋಚನೆ ಇದ್ದಿತೆನ್ನಲು ಆಧಾರವಿಲ್ಲ. ಗೆರೆ ಮೊದಲು ಹುಟ್ಟಿತು, ಹೆಸರು ಆಮೇಲೆ ಬಂದಿತು, ಹಾರೈಕೆ ಹೆಸರನ್ನು ಹಿಡಿದುಕೊಂಡು ಬಂದಿತು. ಅದೇ ದೇಶದಲ್ಲಿ ಚದುರಂಗದ ಹಾಸಿನಂತಹ ಮತ್ತೊಂದು ಮಾದರಿಯುಂಟು. ಅದಕ್ಕೆ ಇಚಿಮಾತ್ಸು ಎಂದು ಹೆಸರು. 18ನೆಯ ಶತಮಾನದ ಸಾನೊಗಾವ ಇಚಿಮಾತ್ಸು ಎಂಬ ನಟನೊಬ್ಬನು ಅಂಥ ಉಡುಪನ್ನು ಧರಿಸಿ ರಂಗಕ್ಕೆ ಬಂದನಂತೆ; ಜನ ಮೆಚ್ಚಿದರು; ಎಷ್ಟೋ ಹಳೆಯದಾದ ಮಾದರಿಗೆ ಅವನ ಹೆಸರೇ ನಿಂತಿತು. ಆದುದರಿಂದ ಒಂದು ರೇಖಾಚಿತ್ರದ ಮೂಲವನ್ನು ಹುಡುಕುವುದು ಬೇರೆ, ಅದರ ಅರ್ಥವನ್ನು ಹುಡುಕುವುದು ಬೇರೆ. ಈ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಎರಡೂ ತಪ್ಪಿಸಿಕೊಳ್ಳುತ್ತವೆ.

ಜಪಾನಿನ ಮಾತನ್ನು ಮೊದಲು ಎತ್ತಿದುದಕ್ಕೆ ಕಾರಣವುಂಟು. ನಮ್ಮ ಪಟ್ಟಣದ ವಿದ್ಯಾವಂತರಲ್ಲಿ ಅನೇಕರು ಆ ದೇಶದ ಕುಸುರಿಯನ್ನು ಪುಸ್ತಕಗಳಲ್ಲಿ ಕಂಡು ಕೊಂಡಾಡುವುದನ್ನು ನಾವು ಕೇಳಿದ್ದೇವೆ, ಕೊಂಡಾಡಿಯೂ ಇದ್ದೇವೆ. ಆದರೆ ಶಿವಮೊಗ್ಗದಿಂದ ಪಶ್ಚಿಮಕ್ಕೆ ಒಂದೆರಡು ಗಂಟೆಗಳ ಪ್ರಯಾಣ ಮಾಡಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳನ್ನು ಹೊಕ್ಕರೆ, ಅದಕ್ಕೆ ಸರಿದೂಗುವ ರೇಖಾವಿದ್ಯೆಯೊಂದು ಮಣ್ಣಿನ ಗೋಡೆಯ ಮೇಲೆ ಬಾಳಿಕೊಂಡು ಬಂದಿರುವುದನ್ನು ಕಾಣಬಹುದು. ಅದೇ ಹಸೆಚಿತ್ತಾರ. ಅದನ್ನು ಬರೆಯುವವರು ದೀವರ ಹೆಂಗಸರು. ಸೊರಬದಲ್ಲಿಯೂ, ಘಟ್ಟದ ಅಂಚಿನ ಸಿದ್ದಾಪುರ, ಶಿರಸಿಗಳ ಕಡೆಯಲ್ಲಿಯೂ ಇದು ಉಂಟು. ದೀವರನ್ನು ಕೆಲವೆಡೆ ಹಳೆಪೈಕರೆಂದು ಕರೆಯುತ್ತಾರೆ. ಆ ಹೆಸರಿನಿಂದ ಅವರನ್ನು ಕುವೆಂಪು ಅವರ ಕಾದಂಬರಿಗಳಲ್ಲಿ ಓದುಗರು ಕಂಡಿರುತ್ತಾರೆ. ಬತ್ತದ ಬೇಸಾಯವೇ ಅವರ ಮುಖ್ಯ ವೃತ್ತಿ.

ಹಸೆ ಎಂಬ ಮಾತನ್ನು ವಿವರಿಸಬೇಕಾದುದಿಲ್ಲ. ಹಸೆಮಣೆ ಏರುವುದೆಂದರೇನೆಂಬುದನ್ನು ತಿಳಿಯದ ಕನ್ನಡಿಗರಿಲ್ಲ. ಹಸೆಗೆ ಕರೆಯುವ ಹಾಡುಗಳು ನಮ್ಮ ಎಷ್ಟೋ ಜಾತಿಗಳ ಮದುವೆಗಳಲ್ಲಿ ಇರುವುವು. ಹಳಗನ್ನಡದಲ್ಲಿ ಇದು ಪಸೆ. ಹಾಸಿಗೆ, ಮದುಮಕ್ಕಳ ಆಸನ ಎಂದು ಅರ್ಥ. ಹಾಸು ಎಂಬ ಕ್ರಿಯೆಗೆ ಇದು ನಂಟೆಂದು ನಮಗೆ ತೋರುತ್ತದೆ. ಚಿತ್ತಾರ ಎಂಬುದು ಸಂಸ್ಕೃತದ ಚಿತ್ರಶಬ್ದದ ಕುಲಕ್ಕೆ ಸೇರಿದ್ದು. ಎಂದರೆ ಮದುಮಕ್ಕಳ ಆಸನಕ್ಕೆ ಸಂಬಂಧಪಟ್ಟ ಚಿತ್ರವೇ ಹಸೆಚಿತ್ತಾರ. ಮದುವೆಯ ಮನೆಯಲ್ಲಿ ಒಂದು ಗೋಡೆಯನ್ನು ಆರಿಸಿ, ಅದರ ಮೇಲೆ ಇದನ್ನು ಬರೆದು, ಅದರ ಮುಂದೆ ವಧೂವರರನ್ನು ಕುಳ್ಳಿರಿಸುತ್ತಾರೆ. ಆ ಗೋಡೆಗೆ ಹಸೆಗೋಡೆಯೆಂದೇ ಹೆಸರು.

ಇನ್ನು ಸಾಮಗ್ರಿಯ ವಿಚಾರ. ಮೊದಲು ಗೋಡೆಗೆ ಕೆಮ್ಮಣ್ಣನ್ನು ಬಳಿದು ನುಣುಪು ಮಾಡಬೇಕು. ಅದು ಒಣಗಿದಾಗ ಗಾಢವಾದ ಇಟ್ಟಿಗೆಯ ಬಣ್ಣ ಬರುತ್ತದೆ. ಅದರ ಮೇಲೆ ಬರೆಯುವ ಬಿಳಿಯ ಬಣ್ಣ ಅಕ್ಕಿಯದು: ಅಕ್ಕಿಯನ್ನು ನೆನೆಸಿ, ನುಣ್ಣಗೆ ಅರೆದು, ನೀರಿನಲ್ಲಿ ಹದವಾಗಿ ಕಲಸಿದ್ದು. ಕಪ್ಪು ಬಣ್ಣವೂ ಅಕ್ಕಿಯದೇ. ಅಕ್ಕಿಯನ್ನು ಕರಿಕಾಗುವವರೆಗೆ ಹುರಿದು ಅರೆದರೆ ಆ ಬಣ್ಣ ಸಿದ್ಧವಾಗುತ್ತದೆ. ಒಂದೇ ಧಾನ್ಯ ಬಿಳುಪನ್ನೂ ಕೊಟ್ಟು ಕಪ್ಪನ್ನೂ ಕೊಡುವುದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ. ಹಳದಿಗೆ ಕಾಡಿನ ಗುರಿಗೆಕಾಯಿ ಇದೆ. ಬರೆಯುವ ಕುಂಚ ಪುಂಡಿಯ ನಾರಿನದು; ನಾರಿನ ಕಟ್ಟನ್ನು ತುದಿಯಲ್ಲಿ ಬಿಡಿಸಿ, ಬೇಕಾದ ದಪ್ಪಕ್ಕೆ ಕಟ್ಟಿಕೊಳ್ಳುತ್ತಾರೆ. ಇಲ್ಲಿ ಒಂದು ಸಣ್ಣ ಸ್ವಾರಸ್ಯವುಂಟು. ಪುಂಡಿಗೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಲ್ಯಾಟಿನ್ ಹೆಸರು ಹಿಬಿಸ್ಕಸ್ ಕ್ಯಾನಬಿನಸ್. ಭಂಗಿಯನ್ನು ಹೋಲುವ ದಾಸವಾಳ ಎಂದು ಅದರ ಅರ್ಥ. ಜಪಾನಿನವರು ನಾರಿನ ಗಿಡದ ಎಲೆಯನ್ನು ಬಟ್ಟೆಯ ಮೇಲೆ ಕಂಡರು. ಸಾಗರದ ಹೆಂಗಸರು ಅದನ್ನು ಹೋಲುವ ಗಿಡದ ನಾರಿನಿಂದಲೇ ಗೆರೆ ಎಳೆದರು. ಇದು ಕೇವಲ ಕಾಕತಾಳೀಯ. ಆದರೂ ಹೇಳದೆ ಬಿಡಲು ಮನಸ್ಸು ಬರಲಿಲ್ಲ.

ಚಿತ್ತಾರದ ಅಸ್ತಿಭಾರ ಎಳೆ. ಎಳೆಯೆಂದರೆ ನೂಲಿನ ಎಳೆ ಹೇಗೋ ಹಾಗೆ ಗೋಡೆಯ ಮೇಲಿನ ಒಂದು ಗೆರೆ. ಒಂದೆಳೆ, ಮೂರೆಳೆ, ಐದೆಳೆ ಎಂದು ಎಳೆಗಳನ್ನು ಎಣಿಸಿ ಒಂದಕ್ಕೊಂದು ಸಮನಾಗಿ ಎಳೆದು ದೊಡ್ಡದೊಂದು ಚೌಕವನ್ನು ಕಟ್ಟುತ್ತಾರೆ. ಈ ಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು, ಅದರೊಳಗೆ ಮತ್ತೊಂದು. ಎರಡು ಚೌಕಟ್ಟುಗಳ ನಡುವಣ ಪಟ್ಟಿಗಳಲ್ಲಿ ನಾನಾ ಬಗೆಯ ತುಂಬುಗೆಲಸ: ಓರೆಗೆರೆಗಳು ಒಂದನ್ನೊಂದು ಹಾಯ್ದು ಆಗುವ ಜಾಲಕ್ಕೆ ನಿಲಿ ಎನ್ನುತ್ತಾರೆ, ಹೆಣೆದ ಜಡೆಯಂತೆ ಓಡುವುದು ಜೋಗಿಜಡೆ, ಇವಲ್ಲದೆ ಮೊಗ್ಗು, ಸುಳಿ, ಏಣಿ, ಬಾಸಿಂಗ. ನಟ್ಟನಡುವೆ ಮದುಮಕ್ಕಳು. ಅವರಿಗೆ ಕಣ್ಣು ಮೂಗುಗಳಿಲ್ಲ. ಎರಡು ತ್ರಿಕೋಣಗಳು ತುದಿಯಲ್ಲಿ ಸೇರಿದರೆ ಒಂದು ದೇಹ, ನಾಲ್ಕು ಗೆರೆಗಳು ಕೈಕಾಲುಗಳು. ಸುತ್ತಲೂ ಬತ್ತದ ತೆನೆ, ಅಡಕೆಯ ಮರ, ಬಾಳೆ, ಹಕ್ಕಿ, ಮದುಮಕ್ಕಳನ್ನು ಹೊರುವ ದಂಡಿಗೆ. ಬರೆಯುತ್ತಿರುವಾಗ ಹೆಂಗಸರು ಹಾಡುತ್ತಾರೆ. ಹಾಡಿನಲ್ಲಿ ಚಿತ್ತಾರವೂ ಉಂಟು. ಬಣ್ಣವನ್ನು ತಂದ ಬಗೆ, ಅರೆದ ಬಗೆ, ಬರೆದ ಬಗೆಯೆಲ್ಲವೂ ಬರುತ್ತದೆ. ಆದುದರಿಂದ ಅದು ಒಂದು ರೀತಿಯಲ್ಲಿ ಬಾಯಲ್ಲಿರುವ ಕೈಪಿಡಿಯೂ ಹೌದು.

ಇವುಗಳ ಅರ್ಥವೇನು? ಈ ಪ್ರಶ್ನೆಯನ್ನು ಹೊತ್ತುಕೊಂಡು ನಾವು ಸಾಗರದ ಕಡೆಯ ಹಳ್ಳಿಯೊಂದಕ್ಕೆ ಹೋದೆವು. ಇಂಗ್ಲಿಷು ಗ್ರಂಥಗಳನ್ನು ಓದಿ ಬೆಳೆದವರಿಗೆ ಒಂದು ದುರಭ್ಯಾಸವುಂಟು: ಯಾವುದನ್ನು ಕಂಡರೂ ಅದು ಯಾವುದೋ ಒಂದರ ಸಂಕೇತವೆಂದು ನಂಬುವುದು. ಗೋಡೆಯ ಮೇಲೆ ಏಣಿಯನ್ನು ಕಂಡ ಕೂಡಲೆ ನಮಗೆ ಮರ್ತ್ಯದಿಂದ ಸ್ವರ್ಗಕ್ಕೇರುವ ಸೋಪಾನದ ನೆನಪಾಯಿತು. ನಾನಾ ದೇಶಗಳ ಪುರಾಣಗಳಲ್ಲಿ ಬರುವ ಏಣಿಗಳೆಲ್ಲ ಸಾಲಾಗಿ ಬಂದು ನಿಂತುವು. ಆ ಮನೆಯ ಹಿರಿಯ ಹೆಂಗಸನ್ನು ಬಹಳ ವಿನಯದಿಂದ ಕೇಳಿದೆವು. ಆಕೆ ನಮ್ಮನ್ನು ಸ್ವಲ್ಪ ಅನುಕಂಪದಿಂದಲೇ ನೋಡಿದಳೆಂದು ಹೇಳಬೇಕು. ಏಣಿ ಇಲ್ಲದೆ ಅಟ್ಟ ಹತ್ತುವುದು ಹೇಗೆ ಎಂದಳು. ಅಟ್ಟದಲ್ಲಿ ಏನಿರುತ್ತದೆ ಎಂದೆವು. ಬತ್ತ, ಎಂದು ಹೇಳಿ ಒಳಗೆ ಹೋದಳು.

ಮೊದಲು ನಾವು ಇದನ್ನು ನಮ್ಮ ಪ್ರಶ್ನೆಗೆ ಬಂದ ಸೋಲೆಂದು ತಿಳಿದೆವು. ಊರಿಗೆ ಹಿಂದಿರುಗುವ ದಾರಿಯಲ್ಲಿ ಯೋಚಿಸಿದಾಗ ಅದೇ ತಕ್ಕ ಉತ್ತರವೆಂದು ಗೊತ್ತಾಯಿತು. ಹೊಸದಾಗಿ ಸಂಸಾರ ಹೂಡುವ ಇಬ್ಬರ ಹಿಂದೆ ಒಂದು ಮನೆಯನ್ನು ಕಟ್ಟಿ ನಿಲ್ಲಿಸುತ್ತಾರೆ. ಚೌಕಟ್ಟೇ ಅದರ ಗೋಡೆ, ನಿಲಿಯ ಜಾಲ ಅದರ ಮಾಡಿನ ಕಟ್ಟಣೆ, ಏಣಿ ಅಟ್ಟಕ್ಕೆ, ತೆನೆ ಗದ್ದೆಯಲ್ಲಿ, ಹಕ್ಕಿ ತೆನೆಯ ಮೇಲೆ. ಒಂದು ಮನೆ ನಡೆಯಬೇಕಾದರೆ ಏನೇನು ಬೇಕೋ ಅದೆಲ್ಲವನ್ನೂ ಹೆಸರಿಟ್ಟು ಕರೆದು ಗೋಡೆಯ ಮೇಲೆ ಕೂಡಿಸಿದ್ದಾರೆ. ಇದು ಸಂಕೇತವೆನ್ನುವುದಕ್ಕಿಂತ ಪಟ್ಟಿಯೆನ್ನುವುದು ಸರಿ. ಹಾರೈಕೆಯ ರೂಪದಲ್ಲಿರುವ ಪಟ್ಟಿ. ಜಪಾನಿನ ತಾಯಿ ಬೆಳೆಯುವ ಗಿಡವನ್ನು ಮಗುವಿನ ಬೆನ್ನಿಗೆ ಹೊದಿಸಿದಂತೆ ಮಲೆನಾಡಿನ ತಾಯಿ ಬತ್ತ ತುಂಬಿದ ಮನೆಯೊಂದನ್ನು ಮಗಳ ಬೆನ್ನ ಹಿಂದೆ ಇಡುತ್ತಾಳೆ. ಗೆರೆಗಳನ್ನಷ್ಟೇ ನೋಡಿದರೆ ಎರಡು ಕಡೆಯೂ ತ್ರಿಕೋಣ, ಚೌಕಗಳೇ. ಅರ್ಥವಿರುವುದು ಹೆಸರಿನಲ್ಲಿ, ಬರೆಯುವ ದಿನದಲ್ಲಿ, ಮುಂದೆ ಕುಳಿತುಕೊಳ್ಳುವವರಲ್ಲಿ.

ಅಲ್ಲಿಯೇ ನಮಗೆ ಇನ್ನೊಂದು ಪಾಠವೂ ಆಯಿತು. ಗೋಡೆಯ ಚಿತ್ತಾರದ ಒಂದು ಮೂಲೆಯನ್ನು ನಾವು ಕಾಗದದ ಮೇಲೆ ಅಳತೆಪಟ್ಟಿ ಇಟ್ಟು ಎಳೆದುಕೊಂಡಿದ್ದೆವು. ಗೆರೆಗಳು ಗೋಡೆಯವಕ್ಕಿಂತ ನೆಟ್ಟಗಿದ್ದುವೆಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು. ಮನೆಯ ಚಿಕ್ಕ ಹುಡುಗಿಯೊಬ್ಬಳು ಬಗ್ಗಿ ನೋಡಿ ನಕ್ಕುಬಿಟ್ಟಳು. ಮೂರೆಳೆಯ ಕಡೆ ನಾವು ನಾಲ್ಕು ಎಳೆದಿದ್ದೆವು. ಎಳೆಗಳು ಯಾವಾಗಲೂ ಬೆಸವಾಗಿರಬೇಕು, ಸರಿಸಂಖ್ಯೆಯಾಗಕೂಡದು ಎಂಬ ನಿಯಮ ನಮಗೆ ತಿಳಿದಿರಲಿಲ್ಲ. ಓದುಬರಹವನ್ನು ಆಗತಾನೆ ಕಲಿಯುತ್ತಿದ್ದ ಆ ಹುಡುಗಿಗೆ ತಿಳಿದಿತ್ತು. ಅಳತೆಪಟ್ಟಿಯಿಂದ ಎಳೆದ ಗೆರೆ ಸತ್ತ ಗೆರೆ ಎಂಬುದನ್ನು ಯಾರೂ ಹೇಳಲಿಲ್ಲ, ಅದನ್ನು ನಾವೇ ಕಂಡುಕೊಂಡೆವು. ನಾರಿನ ಕುಂಚ ಹಿಟ್ಟಿನ ನೀರನ್ನು ಹೀರಿಕೊಂಡು ಹೊರಟಾಗ ಮೊದಲು ದಪ್ಪ, ಬರಬರುತ್ತ ತೆಳುವು. ಎಲ್ಲಿ ಮತ್ತೆ ಅದ್ದಿದರೆಂಬುದು ಗೋಡೆಯ ಮೇಲೆ ತಿಳಿಯುತ್ತದೆ. ಹತ್ತು ಮಾರು ದೂರದಿಂದ ಅದು ನೆಟ್ಟಗೆರೆ. ಹತ್ತಿರ ಹೋದರೆ ಕೈಯ ನಡೆ.

ಇನ್ನು ಮೂಲದ ಪ್ರಶ್ನೆ. ಈ ಪ್ರಾಂತದ ಚರಿತ್ರೆಯನ್ನು ಬಲ್ಲವರಿಗೆ ಥಟ್ಟನೆ ನೆನಪಿಗೆ ಬರುವವರು ಕೆಳದಿಯ ನಾಯಕರು. ಅವರ ರಾಜಧಾನಿಗಳಾಗಿದ್ದ ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು, ಎಂದರೆ ಈಗಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಅವರ ಕವಲೇದುರ್ಗದ ಕೋಟೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. 1763ರಲ್ಲಿ ಹೈದರನು ಬಿದನೂರನ್ನು ಹಿಡಿಯುವವರೆಗೆ ಈ ನಾಡೆಲ್ಲ ಅವರದಾಗಿತ್ತು. ಇಕ್ಕೇರಿಯ ಅಘೋರೇಶ್ವರನ ಗುಡಿಯ ಕಲ್ಲುಕೆಲಸವನ್ನು ಕಂಡವರು ಗೋಡೆಯ ಚಿತ್ತಾರ ಅಲ್ಲಿಂದಲೇ ಇಳಿದು ಬಂದಿರಬೇಕೆಂದು ಊಹಿಸುವುದು ಸಹಜ. ಇನ್ನು ಕೆಲವರು ಅಲ್ಲಿಗೂ ನಿಲ್ಲದೆ ಗುಹೆಗಳ ಕಾಲದವರೆಗೆ, ಹರಪ್ಪದ ಮಡಕೆಗಳವರೆಗೆ ನಡೆದುಬಿಡುತ್ತಾರೆ. ನಮಗೆ ಇದರಲ್ಲಿ ವಿಶ್ವಾಸವಿಲ್ಲ. ಹೋಲಿಕೆಯಿದ್ದ ಮಾತ್ರಕ್ಕೆ ನಂಟು ಆಗಲಾರದು. ತ್ರಿಕೋಣಕ್ಕೆ ಮೂರು ಮೂಲೆಗಳೆಂಬುದನ್ನು ಯಾವ ದೇಶದವರೂ ಇನ್ನೊಂದು ದೇಶದವರಿಂದ ಕಲಿಯಬೇಕಾಗಿಲ್ಲ. ಅರಮನೆಯಲ್ಲಿ ಹುಟ್ಟಿ ಗುಡಿಸಲಿಗೆ ಇಳಿಯಿತೆಂದರೆ ಮಾತ್ರ ಕಲೆಗೆ ಗೌರವ ಬರುತ್ತದೆಂಬ ಭಾವನೆಯೊಂದು ನಮ್ಮಲ್ಲಿದೆ. ಅದನ್ನೂ ಬಿಡುವುದು ಒಳ್ಳೆಯದು.

ನಮ್ಮ ಅಭಿಪ್ರಾಯದಲ್ಲಿ ಇದರ ಮೂಲವನ್ನು ಹುಡುಕಲು ಮನೆಯ ಹೊಸಿಲನ್ನು ದಾಟಬೇಕಾದುದೇ ಇಲ್ಲ. ಮಲೆನಾಡಿನ ಹಳೆಯ ಬಡಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಬಿದಿರು, ಅಡಕೆಯ ದಬ್ಬೆ, ಸೋಗೆ, ಹುಲ್ಲು: ಇವುಗಳನ್ನು ಅಡ್ಡವಾಗಿ, ಉದ್ದವಾಗಿ, ಓರೆಯಾಗಿ ಇಟ್ಟು ಬಳ್ಳಿಯಿಂದ ಬಿಗಿದದ್ದೇ ಮಾಡು. ತಟ್ಟಿ, ಚಾಪೆ, ಮೊರ, ಬುಟ್ಟಿ, ಹಗ್ಗ, ಜಡೆ: ದಿನದಲ್ಲಿ ಕೈಯಾಡುವ ಕೆಲಸವೆಲ್ಲ ಹೆಣೆಯುವ ಕೆಲಸ. ಹೆಣಿಗೆಯಲ್ಲಿ ದುಂಡು ಬರುವುದು ಕಷ್ಟ; ಗೆರೆ, ಓರೆ, ಚೌಕ, ವಜ್ರಾಕೃತಿ ತಾವಾಗಿಯೇ ಬರುತ್ತವೆ. ಅದೇ ಕೈ ಕುಂಚ ಹಿಡಿದಾಗ ಮತ್ತೇನನ್ನು ಬರೆದೀತು? ಚಿತ್ತಾರದ ಗೆರೆಗೆ ಎಳೆ ಎಂಬ ಹೆಸರಿರುವುದೇ, ಪಟ್ಟಿಗೆ ಜಡೆ ಎಂಬ ಹೆಸರಿರುವುದೇ ಇದಕ್ಕೆ ಸಾಕ್ಷಿಯೆಂದು ನಾವು ತಿಳಿಯುತ್ತೇವೆ. ಜಪಾನಿನಲ್ಲಿಯೂ ಹೀಗೆಯೇ ಆಗಿದೆ. ಅಲ್ಲಿನ ಒಂದು ಪ್ರಸಿದ್ಧವಾದ ಮಾದರಿಗೆ ಕಾಗೊಮೆ, ಎಂದರೆ ಬುಟ್ಟಿಯ ಕಣ್ಣು, ಎಂದು ಹೆಸರು. ಬಿದಿರಿನ ಸೀಳುಗಳನ್ನು ಸಂದುಬಿಟ್ಟು ಹೆಣೆದಾಗ ಕಾಣುವ ಆರು ಮೂಲೆಯ ಕಿಂಡಿಯೇ ಅದು. ಬಿದಿರು ಬೆಳೆಯುವ ಎರಡು ನಾಡುಗಳಲ್ಲಿ, ಒಬ್ಬರನ್ನೊಬ್ಬರು ಕಂಡರಿಯದ ಕೈಗಳು, ಒಂದೇ ಜಾತಿಯ ಕೆಲಸದಿಂದ ಒಂದೇ ಜಾತಿಯ ಗೆರೆಗೆ ಬಂದುವು. ಇದರಲ್ಲಿ ಪವಾಡವೇನೂ ಇಲ್ಲ.

ಪಟ್ಟಣದವರು ಇಂಥ ಚಿತ್ರಗಳನ್ನು ನೋಡಿ ಹಳ್ಳಿಯ ಬಾಳೆಲ್ಲ ತೆನೆ, ಹಕ್ಕಿ, ದಂಡಿಗೆಗಳೇ ಎಂದು ಭ್ರಮಿಸುವುದುಂಟು. ಆದಕಾರಣ ಬೇರೊಂದು ವಿಷಯವನ್ನು ಇಲ್ಲಿ ಹೇಳುವುದು ಅಗತ್ಯ. ದೀವರಲ್ಲಿ ಹೆಚ್ಚಿನವರು ಸ್ವಂತ ಗದ್ದೆಯುಳ್ಳವರಾಗಿರಲಿಲ್ಲ, ಗೇಣಿದಾರರಾಗಿದ್ದರು. ಬೆಳೆದ ಬತ್ತದ ದೊಡ್ಡ ಪಾಲು ಕೊಳಗದಲ್ಲಿ ಅಳೆದು ಒಡೆಯರ ಕಣಜಕ್ಕೆ ಹೋಗುತ್ತಿದ್ದಿತು. ಆ ಕೊಳಗದ ಗಾತ್ರದ ವಿಷಯವಾಗಿ ಎದ್ದ ವ್ಯಾಜ್ಯವೇ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷದವರೂ ಸೇರಿದರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. ಉಳುವವನಿಗೆ ಭೂಮಿಯನ್ನು ಕೊಡಿಸಿದ ತಿದ್ದುಪಡಿ ಶಾಸನ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದಿತು. ಅಲ್ಲಿಯವರೆಗೆ ಎಷ್ಟು ಮನೆಗಳ ಅಟ್ಟದಲ್ಲಿ ಬತ್ತ ವರ್ಷಪೂರ್ತಿ ನಿಂತಿದ್ದೀತು? ಆ ಹಿರಿಯ ಹೆಂಗಸು ಏಣಿಯನ್ನೂ ಬತ್ತವನ್ನೂ ಅಷ್ಟು ಸಂಕ್ಷೇಪವಾಗಿ ಹೇಳಿ ಒಳಗೆ ಹೋದುದರ ಭಾರ ನಮಗೆ ತಟ್ಟಿದ್ದು ಈ ಸಂಗತಿಗಳನ್ನು ಜೊತೆಗಿಟ್ಟು ನೋಡಿದಾಗ. ಗೋಡೆಯ ಮೇಲಿನ ತೆನೆ ಇದ್ದುದರ ವರ್ಣನೆಯಲ್ಲ, ಇರಬೇಕಾದುದರ ವರ್ಣನೆ.

ಗದ್ದೆಯೊಡನೆ ಗೋಡೆಯೂ ಹೋದುದುಂಟು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಬಹಳಷ್ಟು ಹಳ್ಳಿಗಳು ನೀರಿನೊಳಗಾದುವು. ಅದರಿಂದ ಬಂದ ವಿದ್ಯುಚ್ಛಕ್ತಿಯಿಂದ ನಾಡಿಗೆಲ್ಲ ಬೆಳಕಾಯಿತೆಂಬುದು ನಿಜ. ಸಂಸಾರಗಳು ಪಾತ್ರೆ, ದನ, ಬಾಗಿಲು, ತೊಲೆಗಳನ್ನು ಗಾಡಿಗಳ ಮೇಲೆ ಹೇರಿಕೊಂಡು ಹೊಸ ನೆಲೆಗಳಿಗೆ ಹೋಗಬಹುದು. ಮಣ್ಣಿನ ಗೋಡೆಯನ್ನು ಹೇರಿಕೊಂಡು ಹೋಗುವುದಾಗದು. ಕೆಮ್ಮಣ್ಣು, ಅಕ್ಕಿಹಿಟ್ಟುಗಳು ನೀರಿನಲ್ಲಿ ಎಷ್ಟು ಹೊತ್ತು ನಿಂತಾವು? ಹೆಂಗಸರು ಹೊತ್ತುಕೊಂಡು ಹೋದುದು ಕೈಯ ಅಭ್ಯಾಸವನ್ನೂ ಬಾಯ ಹಾಡನ್ನೂ ಮಾತ್ರ. ಹೊಸ ಊರಿನಲ್ಲಿ ಹಿರಿಯಳ ಮನೆ ಒಂದು ಕಡೆ, ಕಿರಿಯಳ ಮನೆ ಇನ್ನೊಂದು ಕಡೆ ಆದಾಗ ಆ ಅಭ್ಯಾಸವೂ ಎಷ್ಟೋ ಕಡೆ ಸಡಿಲವಾಯಿತು. ಮುಂದೆ ಸಿಮೆಂಟು, ಸುಣ್ಣ, ಎಣ್ಣೆಬಣ್ಣಗಳ ಗೋಡೆಗಳು ಬಂದುವು. ನುಣುಪಾದ ಎಣ್ಣೆಬಣ್ಣ ಅಕ್ಕಿಯ ನೀರನ್ನು ಹೀರುವುದಿಲ್ಲ, ಗೆರೆ ಜಾರುತ್ತದೆ. ಇದು ಸಣ್ಣ ಕಾರಣದಂತೆ ಕಾಣುತ್ತದೆ. ಆದರೆ ಕಲೆಗಳು ದೊಡ್ಡ ಕಾರಣಗಳಿಂದ ಅಳಿಯುವಷ್ಟೇ ಇಂಥ ಸಣ್ಣ ಕಾರಣಗಳಿಂದಲೂ ಅಳಿಯುತ್ತವೆ.

ಹಾಗಿದ್ದರೂ ಇದು ಅಳಿದಿಲ್ಲ. ಗೋಡೆಯಿಂದ ಇಳಿದು ಕಾಗದಕ್ಕೂ ಬಟ್ಟೆಗೂ ಹಲಗೆಗೂ ಬಂದಿದೆ. ಸಾಗರ ತಾಲ್ಲೂಕಿನ ಸಿರಿವಂತೆ, ಹಸುವಂತೆಗಳಂತಹ ಹಳ್ಳಿಗಳ ಹೆಸರು ಈ ಕಲೆಯಿಂದಲೇ ದೂರದವರಿಗೂ ತಿಳಿದಿದೆ. ಸಿರಿವಂತೆಯ ಚಂದ್ರಶೇಖರ, ಹಸುವಂತೆಯ ಈಶ್ವರ ನಾಯ್ಕ ಮುಂತಾದವರು ಇದನ್ನು ಪ್ರದರ್ಶನಗಳಿಗೆ ಒಯ್ದಿದ್ದಾರೆ. ಹೆಂಗಸರ ಕೈಯಲ್ಲೇ ಇದ್ದ ವಿದ್ಯೆಗೆ ಗಂಡಸರೂ ಕೈಯಿಟ್ಟುದು ಹೊಸದು. ಇದರಲ್ಲಿ ನಾವು ತಪ್ಪನ್ನೇನೂ ಕಾಣೆವು, ಹೊಟ್ಟೆಪಾಡಿಗೂ ಒದಗಿದ್ದರೆ ಇನ್ನೂ ಸಂತೋಷ. ಒಂದು ವಿಷಯದಲ್ಲಿ ಮಾತ್ರ ನಮಗೆ ಕಳವಳ. ಪಟ್ಟಣದ ದೊಡ್ಡ ಕಟ್ಟಡಗಳ ಗೋಡೆಯ ಮೇಲೆ, ಸೀರೆಯ ಅಂಚಿನ ಮೇಲೆ, ಹಣ ಕೊಟ್ಟು ಮಾಡಿಸಿದ ಚಿತ್ತಾರಗಳನ್ನು ನೋಡುವಾಗ ಗೆರೆ ಸರಿಯಾಗಿರುತ್ತದೆ, ಬಣ್ಣವೂ ಸರಿಯಾಗಿರುತ್ತದೆ, ಆದರೆ ಹೆಸರು ಇರುವುದಿಲ್ಲ. ಇದು ನಿಲಿ, ಇದು ಜೋಗಿಜಡೆ ಎಂದು ಬರೆದಿರುವುದನ್ನು ನಾವು ಕಾಣಲಿಲ್ಲ. ಮಲೆನಾಡಿನ ಜಾನಪದ ಕಲೆ ಎಂದು ಒಟ್ಟಾರೆಯಾಗಿ ಬರೆದಿರುತ್ತಾರೆ. ಜಪಾನಿನವರು ತಮ್ಮ ಮಾದರಿಗಳನ್ನು ಅಂಗಡಿಯಲ್ಲಿ ಮಾರುವಾಗಲೂ ಹೆಸರಿನೊಡನೆ ಮಾರುತ್ತಾರೆ. ಆದುದರಿಂದಲೇ ನಾವು ಇಲ್ಲಿ ಕುಳಿತು ಭಂಗಿಯ ಎಲೆಯನ್ನೂ ಬುಟ್ಟಿಯ ಕಣ್ಣನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲೆವು. ಅರ್ಥವೆಲ್ಲ ಹೆಸರಿನಲ್ಲಿರುವ ವಿದ್ಯೆಯಿಂದ ಹೆಸರನ್ನು ಕಳಚಿದರೆ ಉಳಿಯುವುದು ಬರಿಯ ಅಲಂಕಾರ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಶಾಲೆಗಳ ಮಕ್ಕಳು ತಮ್ಮ ಅಜ್ಜಿಯರನ್ನು ಕೇಳಿ ಒಂದೊಂದು ಮನೆಯ ಹೆಸರುಗಳನ್ನು ಬರೆದಿಟ್ಟುಕೊಂಡರೆ ಅದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಎಲ್ಲ ಮನೆಗಳಲ್ಲೂ ಒಂದೇ ಹೆಸರು ಇರಲಾರದು. ಇರಬೇಕಾಗಿಯೂ ಇಲ್ಲ.

ಗೋಡೆಯ ಮಾತಾಯಿತು. ಮದುವೆಯಿಲ್ಲದ ವರ್ಷದಲ್ಲಿಯೂ ಚಿತ್ತಾರ ಬರೆಯುವ ಒಂದು ಸಂದರ್ಭವುಂಟು, ಅದೇ ಭೂಮಿಹುಣ್ಣಿಮೆ. ಆಶ್ವಯುಜ ಮಾಸದ ಹುಣ್ಣಿಮೆ ಅದು. ಬಯಲುಸೀಮೆಯವರು ಅದನ್ನು ಸೀಗೆಹುಣ್ಣಿಮೆ ಎನ್ನುತ್ತಾರೆ. ಆ ಹೊತ್ತಿಗೆ ಗದ್ದೆಯಲ್ಲಿ ಬತ್ತ ಹೊಡೆ ತುಂಬಿರುತ್ತದೆ. ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟವನ್ನು ಬಡಿಸುವ ಹಬ್ಬವದು. ಊಟವನ್ನು ಒಯ್ಯಲು ಬಿದಿರಿನ ಬುಟ್ಟಿಗಳನ್ನು ಮುಂಚಿನಿಂದಲೇ ಸಿದ್ಧಪಡಿಸುತ್ತಾರೆ: ಒಂದು ದೊಡ್ಡದು, ಒಂದು ಚಿಕ್ಕದು. ಸೆಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಕಿಯ ಬಿಳುಪಿನಲ್ಲಿ ಎಳೆ, ಏಣಿ, ತೆನೆಗಳನ್ನು ಬರೆಯುತ್ತಾರೆ. ಇವಕ್ಕೆ ಭೂಮಣ್ಣಿ ಬುಟ್ಟಿಗಳೆಂದು ಹೆಸರು. ಗೋಡೆಯ ಮೇಲೆ ಹೆಣಿಗೆಯ ನೆನಪಾಗಿ ನಿಂತಿದ್ದ ಗೆರೆ ಇಲ್ಲಿ ಹೆಣಿಗೆಯ ಮೇಲೆಯೇ ಬಂದು ಕುಳಿತಂತಾಯಿತು. ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆಯಿಲ್ಲ. ಕಾಡಿನ ಬಗೆಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸುತ್ತಾರೆ, ಕಡುಬು ಮಾಡುತ್ತಾರೆ. ಬೆಳಗಾಗುವುದಕ್ಕೆ ಮೊದಲೇ, ಕತ್ತಲಿರುವಾಗಲೇ, ಮನೆಯ ಗಂಡಸರು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ದೀವಟಿಗೆ ಹಿಡಿದು ಗದ್ದೆಗೆ ಹೋಗಿ ಬೇಯಿಸಿದ್ದನ್ನು ಬೆಳೆಯ ಮೇಲೆ ಬೀರುತ್ತ ಸುತ್ತುತ್ತಾರೆ.

ನಾವು ಕಂಡ ಮನೆಯಲ್ಲಿ ಹಿಂದಿನ ವರ್ಷದ ಬುಟ್ಟಿಯನ್ನು ಅಡುಗೆಮನೆಯ ತೊಲೆಗೆ ತೂಗುಹಾಕಿದ್ದರು. ಒಲೆಯ ಹೊಗೆ ಹಿಡಿದು ಅಕ್ಕಿಯ ಗೆರೆಗಳು ಜೇನಿನ ಬಣ್ಣಕ್ಕೆ ತಿರುಗಿದ್ದುವು. ಅದನ್ನು ನಮಗೆ ಕೊಡುವಿರಾ ಎಂದು ಕೇಳುವ ಆಸೆ ನಾಲಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ, ಎಳೆಯನ್ನು ಎಣಿಸಿ ನಕ್ಕಿದ್ದ ಆ ಹುಡುಗಿ ಅದನ್ನು ಕೆಳಗಿಳಿಸಿ, ಹೊಸ ಕೆಮ್ಮಣ್ಣನ್ನು ಬಳಿಯುವುದಕ್ಕಾಗಿ ಹಿತ್ತಲಿಗೆ ತೆಗೆದುಕೊಂಡು ಹೋದಳು.